ಒಂದು ಸೆಕೆಂಡ್, ಆರು ಮಿಂಚುಳ್ಳಿ

ದಾವಣಗೆರೆಯ ಒಂದು ಸಣ್ಣ ಸ್ಟುಡಿಯೋದಲ್ಲಿ ನಾನು ಮದುವೆ ಆಲ್ಬಂ ಡಿಸೈನ್ ಮಾಡುತ್ತೇನೆ. ಹನ್ನೊಂದು ವರ್ಷ ಆಯಿತು. ನಮ್ಮಲ್ಲಿ ಈ ಕೆಲಸಕ್ಕೆ ‘ಕಟಿಂಗ್ ಹೊಡೆಯೋದು’ ಅಂತಾರೆ. ಹುಡುಗ ಹುಡುಗಿಯನ್ನು ಛತ್ರದ ಗೋಡೆಯಿಂದ ಬಿಡಿಸಿ ತೆಗೆದು, ಹಿಂದೆ ಹಿಮದ ಬೆಟ್ಟ ಕೂರಿಸೋದು. ಗ್ರೂಪ್ ಫೋಟೋದಲ್ಲಿ ಅಜ್ಜಿ ಕಣ್ಣು ಮುಚ್ಚಿದ್ದರೆ, ಇನ್ನೊಂದು ಫೋಟೋದಿಂದ ಅಜ್ಜಿಯ ಮುಖ ತಂದು ಹಾಕೋದು. ಮನೆಯವರಿಗೆ ಅದು ಬೇಕು. ಆಲ್ಬಂ ಬಿಡಿಸಿ ನೋಡುವಾಗ ಅಜ್ಜಿಯ ಕಣ್ಣು ತೆರೆದಿದ್ದರೆ ಅವರಿಗೆ ಎಷ್ಟು ಖುಷಿಯಾಗುತ್ತೆ ಅನ್ನೋದನ್ನು ನಾನು ನೋಡಿದ್ದೇನೆ. ಹಾಗಾಗಿ ಪ್ರೀತಿಯಿಂದಲೇ ಮಾಡುತ್ತೇನೆ.

ಧನುರ್ಮಾಸ ಬಂದರೆ ಮದುವೆ ಇಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ಬಿಟ್ಟರೆ ಬೇರೆ ಕೆಲಸ ಕಮ್ಮಿ. ಆ ಒಂದು ತಿಂಗಳು ನನ್ನ ಸೋದರಮಾವನ ಜೊತೆ ಹಕ್ಕಿ ನೋಡಲು ಹೋಗುವುದು ಮೊದಲಿಂದ ಬಂದ ರೂಢಿ. ಮಾಮ ಹರಿಹರದವರು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರ ಹತ್ತಿರ ಕ್ಯಾಮೆರಾ ಇಲ್ಲ. ಒಂದು ಹಳೇ ಬೈನಾಕ್ಯುಲರ್, ಒಂದು ನೋಟ್‌ಬುಕ್, ಅಷ್ಟೇ.

ಹಕ್ಕಿಯ ಹಾರಾಟದ ಐದಾರು ಹಂತಗಳನ್ನು ಒಂದೇ ಚಿತ್ರದಲ್ಲಿ ಜೋಡಿಸಬೇಕು ಅನ್ನೋ ಆಸೆ ನನಗೆ ಹುಟ್ಟಿದ್ದು ಮಾಮ ಹೇಳಿದ ಒಂದು ಸಂಗತಿಯಿಂದ. ಫ್ರಾನ್ಸಿನಲ್ಲಿ ಎಟಿಯೆನ್ ಜೂಲ್ ಮಾರೆ ಅಂತ ಒಬ್ಬ ವಿಜ್ಞಾನಿ ಇದ್ದರು. 1882ರಲ್ಲಿ ಅವರು ಬಂದೂಕಿನ ಆಕಾರದ ಕ್ಯಾಮೆರಾ ಮಾಡಿಕೊಂಡು ಹಾರುವ ಹಕ್ಕಿಗಳತ್ತ ಹಿಡಿದರು. ಅದು ಸೆಕೆಂಡಿಗೆ 12 ಚಿತ್ರ ತೆಗೆಯುತ್ತಿತ್ತು. ಆಮೇಲೆ ಒಂದೇ ಫಲಕದ ಮೇಲೆ ಹಕ್ಕಿಯ ರೆಕ್ಕೆಬಡಿತದ ಹಂತಗಳೆಲ್ಲ ಸಾಲಾಗಿ ಬೀಳುವ ಹಾಗೆ ಮಾಡಿದರು. ಚಂದ ಕಾಣಲಿ ಅಂತಲ್ಲ. ರೆಕ್ಕೆ ಯಾವಾಗ ಮೇಲೆ, ಯಾವಾಗ ಕೆಳಗೆ ಅಂತ ಅಳೆದು ನೋಡಲು. ಸುಮಾರು 140 ವರ್ಷದ ಹಿಂದೆ! ನನ್ನ ಕೈಯಲ್ಲಿ ಸೆಕೆಂಡಿಗೆ 10 ಫ್ರೇಮ್ ಹೊಡೆಯುವ ಕ್ಯಾಮೆರಾ ಇದೆ, ಫೋಟೋಶಾಪ್ ಇದೆ. ನನ್ನಿಂದ ಯಾಕಾಗಬಾರದು ಅನ್ನಿಸಿತು.

ಮೊದಲು ಕೈಹಾಕಿದ್ದು ಊರೊಳಗಿನ ಕುಂದವಾಡ ಕೆರೆಯಲ್ಲಿ. ಭದ್ರಾ ಕಾಲುವೆಯ ನೀರು ತುಂಬಿಸಿ ನಮಗೆ ಕುಡಿಯಲು ಕೊಡುವ ಕೆರೆ ಅದು. ಬೆಳಗ್ಗೆ ಏರಿ ಮೇಲೆ ವಾಕಿಂಗ್ ಮಾಡುವವರು ಜಾಸ್ತಿ. ಕ್ಯಾಮೆರಾ ಕೈಯಲ್ಲೇ ಹಿಡಿದು ಒಂದು ನೀರುಕಾಗೆಯ ಹಿಂದೆ ತಿರುಗಿಸಿಕೊಂಡು ಹೋಗಿ ಹೊಡೆದೆ. ಮನೆಗೆ ಬಂದು ಫ್ರೇಮ್‌ಗಳನ್ನು ಜೋಡಿಸಲು ನೋಡಿದರೆ ಒಂದಕ್ಕೊಂದು ಕೂರಲೇ ಇಲ್ಲ. ಫೋಟೋಶಾಪಿನ ಆಟೋ ಅಲೈನ್ ಗಟ್ಟಿಯಾಗಿ ನಿಂತ ವಸ್ತು ಹುಡುಕುತ್ತದೆ. ಕಲ್ಲು, ಕಂಬ, ಮರ ಇದ್ದರೆ ಹಿಡಿದುಕೊಳ್ಳುತ್ತದೆ. ನನ್ನ ಚಿತ್ರದಲ್ಲಿ ಇದ್ದದ್ದು ಬರೀ ಅಲೆ. ಅಲೆ ಒಂದು ಕ್ಷಣ ಇದ್ದಂತೆ ಇನ್ನೊಂದು ಕ್ಷಣ ಇರುವುದಿಲ್ಲವಲ್ಲ, ಅದು ಏನನ್ನು ಹಿಡಿದೀತು?

ಮರುದಿನ ಟ್ರೈಪಾಡ್ ತಗೊಂಡು ಹೋದೆ. ಕ್ಯಾಮೆರಾ ಅಲುಗಾಡದೆ ಒಂದೇ ಕಡೆ ನೋಡುತ್ತಿರಬೇಕು, ಹಕ್ಕಿಯೇ ಫ್ರೇಮಿನೊಳಗೆ ಬಂದು ದಾಟಿ ಹೋಗಬೇಕು. ಇದು ತಿಳಿದ ಮೇಲೆ ಕೆಲಸ ಎಷ್ಟು ಸಲೀಸಾಯಿತು ಅಂದರೆ ನನಗೇ ಆಶ್ಚರ್ಯ. ಕಪ್ಪು ನೀರುಕಾಗೆ ಬಿಳಿ ಆಕಾಶದಲ್ಲಿ ಹಾರಿತು. ಫ್ರೇಮ್‌ಗಳನ್ನು ಒಂದರ ಮೇಲೊಂದು ಲೇಯರ್ ಮಾಡಿ ‘ಡಾರ್ಕನ್’ ಕೊಟ್ಟೆ. ಡಾರ್ಕನ್ ಅಂದರೆ, ಪ್ರತಿ ಚುಕ್ಕೆಯಲ್ಲೂ ಯಾವ ಲೇಯರ್ ಹೆಚ್ಚು ಕಪ್ಪಗಿದೆಯೋ ಅದನ್ನೇ ಉಳಿಸು ಅಂತ. ಕತ್ತರಿ ಆಡಿಸದೆ ಎಂಟು ನೀರುಕಾಗೆ ಸಾಲಾಗಿ ಬಂದು ನಿಂತವು. ಬೆಳ್ಳಕ್ಕಿಗೆ ಇದರ ತಿರುಗುಮುರುಗು. ಹಿಂದೆ ಕತ್ತಲೆ ಮರಗಳು, ಮುಂದೆ ಬಿಳಿ ಹಕ್ಕಿ. ‘ಲೈಟನ್’ ಕೊಟ್ಟರೆ ಮುಗಿಯಿತು. ಎರಡೇ ದಿನದಲ್ಲಿ ವಿದ್ಯೆ ಕೈಗೆ ಬಂತು ಅಂದುಕೊಂಡೆ.

ಆಗ ಮಾಮ, “ಕೊಂಡಜ್ಜಿಗೆ ಬಾ, ಅಲ್ಲೊಂದು ಮಿಂಚುಳ್ಳಿ ಐತಿ” ಅಂದರು.

ಕೊಂಡಜ್ಜಿ ಕೆರೆ ಹರಿಹರ ತಾಲ್ಲೂಕಿನದು. ದಾವಣಗೆರೆಯಿಂದ ಬೈಕಿನಲ್ಲಿ ಸುಮಾರು ಅರ್ಧ ಗಂಟೆ. ಗುಡ್ಡಗಳ ಮಗ್ಗುಲಲ್ಲಿರುವ ಕೆರೆ. ಸ್ಕೌಟ್ಸ್ ಕ್ಯಾಂಪಿಗೆ ಅಂತ ನಮ್ಮ ಕಡೆಯ ಎಷ್ಟೋ ಮಕ್ಕಳು ಅಲ್ಲಿ ಹೋಗಿ ಉಳಿದು ಬಂದಿರುತ್ತಾರೆ. ಮಾಮ ತೋರಿಸಿದ್ದು ಕಪ್ಪು-ಬಿಳಿ ಮಿಂಚುಳ್ಳಿ. ನಾವು ತಂತಿ ಮೇಲೆ ನೋಡುವ ನೀಲಿ ಮಿಂಚುಳ್ಳಿಯಲ್ಲ. ಇದರ ಮೈಮೇಲೆ ನೀಲಿಯ ಸುಳಿವೇ ಇಲ್ಲ. ಇದು ನೀರಿನ ಮೇಲೆ ಗಾಳಿಯಲ್ಲೇ ನಿಲ್ಲುತ್ತದೆ. ರೆಕ್ಕೆ ಪಟಪಟ ಬಡಿಯುತ್ತಾ, ಕೊಕ್ಕು ಕೆಳಗೆ ಮಾಡಿ, ತಲೆಯನ್ನು ಒಂಚೂರೂ ಅಲ್ಲಾಡಿಸದೆ. ನಂತರ ರೆಕ್ಕೆ ಮಡಚಿ ಕಲ್ಲು ಬಿದ್ದ ಹಾಗೆ ಬೀಳುತ್ತದೆ. ನೋಡುತ್ತಾ ನನ್ನ ಎದೆ ಡವಗುಟ್ಟಿತು. ಇದೇ ನನ್ನ ಚಿತ್ರ ಅಂತ ಆಗಲೇ ಗೊತ್ತಾಯಿತು. ಅಡ್ಡಕ್ಕೆ ಹಾರುವ ಸಾಲಲ್ಲ, ಮೇಲಿಂದ ಕೆಳಕ್ಕೆ ಬೀಳುವ ಸಾಲು.

ಮೂರು ಭಾನುವಾರ ಕ್ಯಾಮೆರಾ ಚೀಲದಿಂದ ತೆಗೆಯಲಿಲ್ಲ. ಮಾಮ ಬಿಡಲಿಲ್ಲ. “ಮೊದಲು ನೋಡು. ಅದು ಎಲ್ಲಿ ನಿಲ್ಲತೈತಿ, ಎಷ್ಟು ಸಲ ನಿಲ್ಲತೈತಿ ಬರ್ಕೋ” ಅಂದರು. ನೀರಲ್ಲಿ ಅರ್ಧ ಮುಳುಗಿದ ಒಂದು ಜಾಲಿ ಮರ ಇತ್ತು. ಹಕ್ಕಿ ಅದರ ಎಡಕ್ಕೆ, ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಂದು ನಿಲ್ಲುತ್ತಿತ್ತು. ಬೀಳುತ್ತಿದ್ದದ್ದು ನಾಲ್ಕೈದು ಸಲಕ್ಕೆ ಒಮ್ಮೆ. ಇನ್ನುಳಿದ ಸಲ ಸುಮ್ಮನೆ ನೋಡಿ ಮುಂದೆ ಹೋಗುತ್ತಿತ್ತು. ಇನ್ನೊಂದು ಮಾತನ್ನೂ ಮಾಮ ಹೇಳಿದ್ದರು. ಈ ಹಕ್ಕಿ ದಡದ ಮಣ್ಣಿನಲ್ಲಿ ಬಿಲ ಕೊರೆದು ಗೂಡು ಮಾಡುತ್ತದೆ. ಆದ್ದರಿಂದ ಕಡಿದಾದ ಮಣ್ಣಿನ ದಡದ ಹತ್ತಿರ ಕೂರಬಾರದು, ಗೂಡಿಗೆ ಬಂದು ಹೋಗುವ ದಾರಿಗೆ ಅಡ್ಡ ಆಗುತ್ತದೆ. ನಾವು ಕಲ್ಲು ಇರುವ ಕಡೆ, ದೂರದಲ್ಲಿ ಕೂತೆವು.

ದೊಡ್ಡ ಲೆನ್ಸ್ ಇಲ್ಲ ಅನ್ನೋ ಚಿಂತೆ ನನಗಿತ್ತು. ಲೆಕ್ಕ ಹಾಕಿದರೆ ಅದು ಬೇಕೇ ಇರಲಿಲ್ಲ. ಜಾಲಿ ಮರ ನಮ್ಮಿಂದ ಸುಮಾರು 30 ಮೀಟರ್. ಹಕ್ಕಿ ನಿಲ್ಲುವ ಎತ್ತರದಿಂದ ನೀರಿನವರೆಗೆ ಪೂರ್ತಿ ಫ್ರೇಮಿನೊಳಗೆ ಬರಬೇಕು ಅಂದರೆ ಮೇಲಿಂದ ಕೆಳಕ್ಕೆ 7 ಮೀಟರ್ ಜಾಗ ಬೇಕು. ಕ್ಯಾಮೆರಾವನ್ನು ಅಡ್ಡ ಅಲ್ಲದೆ ಉದ್ದಕ್ಕೆ ನಿಲ್ಲಿಸಿ ಹಿಡಿದರೆ 100 ಮಿಲಿಮೀಟರ್ ಲೆನ್ಸ್ ಸಾಕು. ಮದುವೆಯಲ್ಲಿ ಧಾರೆ ಹೊಡೆಯಲು ಬಳಸುವ 70-200 ಲೆನ್ಸೇ ಆಯಿತು. ಹಕ್ಕಿ ಸಣ್ಣದಾಗಿ ಬರುತ್ತದೆ, 6000 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ ಒಂದು ಹಕ್ಕಿ ಇನ್ನೂರು ಚಿಲ್ಲರೆ ಪಿಕ್ಸೆಲ್. ಆದರೆ 20 ಇಂಚಿನ ಪ್ರಿಂಟಿಗೆ ಅಷ್ಟು ಚೆನ್ನಾಗಿಯೇ ನಿಲ್ಲುತ್ತದೆ.

ಸೆಟ್ಟಿಂಗ್ ಎಲ್ಲ ಮ್ಯಾನ್ಯುಯಲ್. ಫ್ರೇಮಿನಿಂದ ಫ್ರೇಮಿಗೆ ಬೆಳಕು, ಬಣ್ಣ ಒಂದಿಷ್ಟೂ ಬದಲಾಗಬಾರದು. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಟ್ಟರೆ ಒಂದು ಹಕ್ಕಿ ಹಳದಿ, ಪಕ್ಕದ್ದು ನೀಲಿ ಆಗಿಬಿಡುತ್ತದೆ. ಬಿಸಿಲಿಗೆ ಸರಿಯಾಗುವಂತೆ ಅದನ್ನು ಒಂದೇ ಕಡೆ ನಿಲ್ಲಿಸಿದೆ. ಫೋಕಸ್ ಕೂಡ ಜಾಲಿ ಮರದ ಮೇಲೆ ಇಟ್ಟು ಆಟೋ ಆಫ್ ಮಾಡಿದೆ. ಅಪರ್ಚರ್ 5.6, ಐಎಸ್‌ಒ 800, ಶಟರ್ ತೆರೆದಿರುವ ಹೊತ್ತು ಸೆಕೆಂಡಿನ 2500ರಲ್ಲಿ ಒಂದು ಭಾಗ. ಈ ಶಟರ್ ಯಾಕೆ ಅಂದರೆ, ನೀರು ಮುಟ್ಟುವ ಹೊತ್ತಿಗೆ ಹಕ್ಕಿ ಸೆಕೆಂಡಿಗೆ 10 ಮೀಟರ್ ಹತ್ತಿರದ ವೇಗದಲ್ಲಿ ಇರುತ್ತದೆ ಅಂತ ಮಾಮ ಲೆಕ್ಕ ಕೊಟ್ಟಿದ್ದರು. ಶಟರ್ 500ರಲ್ಲಿ ಒಂದು ಭಾಗ ಇಟ್ಟರೆ ಅಷ್ಟರಲ್ಲಿ ಹಕ್ಕಿ 2 ಸೆಂಟಿಮೀಟರ್ ಜಾರಿರುತ್ತದೆ, ಕೊಕ್ಕು ಕಣ್ಣು ಕಲಸಿಹೋಗುತ್ತದೆ. 2500ಕ್ಕೆ ಆ ಜಾರು 4 ಮಿಲಿಮೀಟರಿಗೆ ಇಳಿಯುತ್ತದೆ. ಬಿಳಿ ಗರಿಗಳು ಬಿಸಿಲಿಗೆ ಸುಟ್ಟುಹೋಗದ ಹಾಗೆ ಬೆಳಕನ್ನು ಒಂಚೂರು ಕಮ್ಮಿಯೇ ಇಟ್ಟೆ.

ಒಂದು ಬೆಳಗ್ಗೆ ಏಳೂವರೆಯಿಂದ ಹತ್ತರವರೆಗೆ ಕೂತು ಹನ್ನೊಂದು ಧುಮುಕು ಸಿಕ್ಕವು. ಫ್ರೇಮಿನೊಳಗೆ ಪೂರ್ತಿ ಬಿದ್ದದ್ದು ಎರಡೇ. ಆವತ್ತು ಹರಿಹರಕ್ಕೆ ಬಂದು ಮಿರ್ಚಿ ಮಂಡಕ್ಕಿ ತಿನ್ನುವಾಗ ನನ್ನ ಕೈ ಇನ್ನೂ ನಡುಗುತ್ತಿತ್ತು.

ಸ್ಟುಡಿಯೋಗೆ ಬಂದು ಫೈಲ್ ತೆರೆದೆ. ಡಾರ್ಕನ್ ಕೊಟ್ಟೆ. ಹಕ್ಕಿಯ ಬಿಳಿ ಹೊಟ್ಟೆ ಮಾಯ, ಅಲ್ಲಿ ಕೆರೆ ನೀರು ಕಾಣಿಸಿತು. ಲೈಟನ್ ಕೊಟ್ಟೆ. ಬಿಳಿ ಬಂತು, ಕಪ್ಪು ರೆಕ್ಕೆ ಹೋಯಿತು. ಹಿಂದಿನ ನೀರು ನಡು ಬೂದು ಬಣ್ಣ, ಹಕ್ಕಿಯಲ್ಲಿ ಅದಕ್ಕಿಂತ ಕಪ್ಪೂ ಇದೆ, ಅದಕ್ಕಿಂತ ಬಿಳಿಯೂ ಇದೆ. ನೀರುಕಾಗೆಗೆ ನಡೆದದ್ದು, ಬೆಳ್ಳಕ್ಕಿಗೆ ನಡೆದದ್ದು, ಎರಡೂ ಇದಕ್ಕೆ ನಡೆಯಲಿಲ್ಲ. ಎರಡು ದಿನದಲ್ಲಿ ಕೈಗೆ ಬಂದ ವಿದ್ಯೆ ಅಷ್ಟಕ್ಕೇ ನಿಂತಿತು. ಇನ್ನು ಉಳಿದದ್ದು ಕೈಕೆಲಸ. ಪ್ರತಿ ಲೇಯರಿಗೂ ಕಪ್ಪು ಮಾಸ್ಕ್ ಹಾಕಿ ಪೂರ್ತಿ ಮುಚ್ಚಿ, ಹಕ್ಕಿ ಇರುವಲ್ಲಿ ಮಾತ್ರ ಬಿಳಿ ಬ್ರಶ್ಶಿನಿಂದ ಸವರಿ ಸವರಿ ತೆರೆಯುವುದು.

ಕಟಿಂಗ್ ನನಗೆ ಹೊಸದಲ್ಲವಲ್ಲ. ಆದರೂ ಇಲ್ಲಿ ಕೈ ತಪ್ಪಿತು. ಮದುವೆ ಹುಡುಗಿಯ ಕೂದಲಿಗೆ ಕೊಡುವ ಹಾಗೆ ಅಂಚಿಗೆ ಮೂರ್ನಾಲ್ಕು ಪಿಕ್ಸೆಲ್ ಫೆದರ್ ಕೊಟ್ಟಿದ್ದೆ, ಅಂದರೆ ಅಂಚನ್ನು ಮೆತ್ತಗೆ ಕರಗಿಸಿದ್ದೆ. ಹಕ್ಕಿಯ ಸುತ್ತ ಮಂಜು ಕವಿದಂತಾಯಿತು. ಇನ್ನೂರು ಪಿಕ್ಸೆಲ್ ಹಕ್ಕಿಗೆ ಅಷ್ಟು ಫೆದರ್ ತಡೆಯುವುದಿಲ್ಲ. ಒಂದೇ ಪಿಕ್ಸೆಲ್ ಸಾಕು. ರೆಕ್ಕೆಯ ತುದಿಯಲ್ಲಿ ಅದೂ ಬೇಡ. ಫೆದರ್ ಅಂದರೆ ಗರಿ ಅಂತ ಇಷ್ಟು ವರ್ಷ ನನ್ನ ತಲೆಗೇ ಬಂದಿರಲಿಲ್ಲ. ಆವತ್ತು ನಿಜವಾದ ಗರಿಯ ಅಂಚನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ನೋಡುತ್ತಾ ಕೂತಾಗ ಹೊಳೆಯಿತು.

ಏಳು ಹಕ್ಕಿ ಜೋಡಿಸಿದೆ. ಆದರೆ ನೋಡಲು ಸಮಾಧಾನ ಇಲ್ಲ. ಮೇಲೆ ಮೂರು ಹಕ್ಕಿ ಒಂದರ ಮೇಲೊಂದು ಒತ್ತಿಕೊಂಡಿವೆ, ಕೆಳಗೆ ಎರಡು ದೂರ ದೂರ ಬಿದ್ದಿವೆ. ಆಲ್ಬಂ ಪೇಜಿನಲ್ಲಿ ಹೀಗೆ ಬಿಟ್ಟರೆ ನಮ್ಮ ಓನರ್ ಒಪ್ಪುವುದಿಲ್ಲ. ಏಳನ್ನೂ ಸರಿಸಿ ಸಮ ಅಂತರಕ್ಕೆ ತಂದೆ. ಹಾರದಲ್ಲಿ ಹೂವು ಪೋಣಿಸಿದ ಹಾಗೆ ಬಂತು. ಕೊನೆಯ ಹಕ್ಕಿ ಬರಿ ಕೊಕ್ಕಿನಲ್ಲಿ ಮೇಲೆದ್ದಿತ್ತು. ಅದರ ಬದಲು, ಹಿಂದಿನ ಧುಮುಕಿನಲ್ಲಿ ಮೀನು ಕಚ್ಚಿಕೊಂಡು ಎದ್ದ ಒಂದು ಫ್ರೇಮ್ ಇತ್ತಲ್ಲ, ಅದನ್ನು ತಂದು ಕೂರಿಸಿದೆ. ಅಜ್ಜಿಯ ಮುಖ ಕೂರಿಸಿದ ಹಾಗೆಯೇ. ಆಗ ಅದು ತಪ್ಪು ಅಂತ ನನಗೆ ಅನ್ನಿಸಲೇ ಇಲ್ಲ. ರಾತ್ರಿ ಒಂದು ಗಂಟೆಗೆ ಪ್ರಿಂಟ್ ತೆಗೆದು, ಬೆಳಗ್ಗೆ ಮಾಮನ ಮನೆಗೆ ಓಡಿದೆ.

ಅತ್ತೆ ಚಹಾ ತಂದಿಟ್ಟರು. ಮಾಮ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಚೆನ್ನಾಗೈತಿ ಅನ್ನಲಿಲ್ಲ.

“ಅಳಿಯಾ, ಈ ಹಕ್ಕಿ ಲಿಫ್ಟಿನಾಗ ಇಳಿದಂಗೆ ಇಳಿದೈತಲ್ಲಪ್ಪಾ” ಅಂದರು.

ನನಗೆ ಅರ್ಥ ಆಗಲಿಲ್ಲ. ಅವರು ಕೆಳಗಿನ ಹಕ್ಕಿಯ ಮೇಲೆ ಬೆರಳಿಟ್ಟು, “ಇದು ಹೆಣ್ಣು. ಮೇಲಿನವೆಲ್ಲ ಗಂಡು” ಅಂದರು. ಗಂಡಿಗೆ ಎದೆ ಮೇಲೆ ಎರಡು ಕಪ್ಪು ಪಟ್ಟಿ. ಹೆಣ್ಣಿಗೆ ಒಂದೇ, ಅದೂ ನಡುವೆ ತುಂಡಾಗಿರುತ್ತದೆ. ಬಗ್ಗಿ ನೋಡಿದೆ. ಹೌದು. ನಾನು ಎರಡು ಹಕ್ಕಿಗಳನ್ನು ಒಂದು ಮಾಡಿಬಿಟ್ಟಿದ್ದೆ. ಒಂದೊಂದು ಪಿಕ್ಸೆಲ್ ನೋಡುತ್ತಾ ಆರು ಗಂಟೆ ಕೂತವನಿಗೆ ಹಕ್ಕಿ ಕಂಡಿರಲಿಲ್ಲ. ಮುಖ ಬಿಸಿಯಾಯಿತು.

ಆಮೇಲೆ ಅವರು ಲಿಫ್ಟಿನ ಮಾತು ಬಿಡಿಸಿ ಹೇಳಿದರು. ಮೇಲಿಂದ ಬಿಟ್ಟ ವಸ್ತು ಸಮ ಸಮ ಬೀಳುವುದಿಲ್ಲ. ಮೊದಲ ಹೊತ್ತಿನಲ್ಲಿ ಒಂದು ಪಾಲು ಬಿದ್ದರೆ, ಅಷ್ಟೇ ಉದ್ದದ ಎರಡನೇ ಹೊತ್ತಿನಲ್ಲಿ ಮೂರು ಪಾಲು, ಮೂರನೆಯದರಲ್ಲಿ ಐದು, ಆಮೇಲೆ ಏಳು. ಗೆಲಿಲಿಯೋ ಕಂಡುಹಿಡಿದ ಲೆಕ್ಕ. ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದರು. ಒಂದು ಸೆಕೆಂಡಿನ ಐದನೇ ಒಂದು ಭಾಗಕ್ಕೆ ಒಂದರಂತೆ ಚಿತ್ರ ತೆಗೆದರೆ ಅಂತರ ಸುಮಾರು 20 ಸೆಂಟಿಮೀಟರ್, 60, 100, 140, 180. ಹಕ್ಕಿ ಕಲ್ಲಲ್ಲ, ರೆಕ್ಕೆ ಇದೆ, ಗಾಳಿ ತಡೆಯುತ್ತದೆ, ಲೆಕ್ಕ ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ಆದರೆ ಅಂತರ ಹೆಚ್ಚುತ್ತಾ ಹೋಗಲೇಬೇಕು. “ಮೇಲೆ ಒತ್ತಾಗಿ, ಕೆಳಗ ಬಿಡಿಬಿಡಿ ಇದ್ದದ್ದೇ ಅದರ ವೇಗ. ನೀನು ಅದನ್ನೇ ಅಳಿಸಿಬಿಟ್ಟಿ” ಅಂದರು.

ಬೈಕಿನಲ್ಲಿ ವಾಪಸ್ ಬರುವಾಗ ತಲೆ ತುಂಬಾ ಅದೇ. ನನಗೆ ಕೆಟ್ಟದಾಗಿ ಕಂಡಿದ್ದು ಚಿತ್ರದೊಳಗಿನ ಅತಿ ಮುಖ್ಯ ವಿಷಯವಾಗಿತ್ತು. ಮದುವೆ ಮನೆಯವರು ಕೇಳುವುದು ನೆನಪನ್ನು, ಅಲ್ಲಿ ಅಜ್ಜಿಯ ಕಣ್ಣು ತೆರೆಸಬಹುದು. ಹಕ್ಕಿಯ ಜೋಡಣೆ ಚಿತ್ರದಲ್ಲಿ ಹಾಗಲ್ಲ. ನೋಡುವವರು ‘ಹೀಗೆ ಬಿತ್ತು’ ಅಂತ ನಂಬುತ್ತಾರೆ. ಫ್ರೇಮ್ ಬಿಡಬಹುದು, ಆದರೆ ಹಕ್ಕಿಯನ್ನು ಸರಿಸಬಾರದು ಅಂತ ಅವತ್ತೇ ಗಟ್ಟಿ ಮಾಡಿಕೊಂಡೆ. ಬಿಡುವುದಾದರೂ ಒಂದು ಬಿಟ್ಟು ಒಂದು ಅಂತ ಸಮನಾಗಿ ಬಿಡಬೇಕು, ಚಂದಕ್ಕೆ ಅಂತ ಎಲ್ಲೆಂದರಲ್ಲಿ ಬಿಡುವಂತಿಲ್ಲ.

ಎರಡನೇ ಸಲ ಹೊಸದಾಗಿ ಶುರು ಮಾಡಿದೆ. ಗಂಡು ಹಕ್ಕಿಯ ಆ ಒಂದು ಧುಮುಕನ್ನೇ ತಗೊಂಡೆ. ನಿಂತಲ್ಲಿಂದ ನೀರಿನವರೆಗೆ 11 ಫ್ರೇಮ್, ಅಂದರೆ ಒಂದು ಸೆಕೆಂಡ್. ಒಂದು ಬಿಟ್ಟು ಒಂದು ಆರಿಸಿದರೆ ಆರು ಹಕ್ಕಿ. ಸೆಕೆಂಡಿನೊಳಗಿನ ಸಮಯವೂ ನಮ್ಮ ಕ್ಯಾಮೆರಾದ ಫೈಲಿನಲ್ಲಿ ದಾಖಲಾಗಿರುತ್ತದೆ. ಅದನ್ನು ತೆರೆದು ಮಧ್ಯೆ ಯಾವ ಫ್ರೇಮೂ ತಪ್ಪಿಲ್ಲ ಅಂತ ಖಾತ್ರಿ ಮಾಡಿಕೊಂಡೆ.

ರಾ ಫೈಲ್ ಅಂದರೆ ಕ್ಯಾಮೆರಾದಿಂದ ತಿದ್ದದೆ ಬಂದ ಮೂಲ ಫೈಲ್. ಆ ಆರಕ್ಕೂ ಒಂದೇ ಸೆಟ್ಟಿಂಗ್ ಕೊಟ್ಟೆ. ಒಂದನ್ನು ಸರಿಮಾಡಿ ಉಳಿದವಕ್ಕೆ ಸಿಂಕ್. ಒಂದೊಂದನ್ನೇ ಬೇರೆ ಬೇರೆ ತಿದ್ದಲು ಹೋದರೆ ಜೋಡಿಸಿದ ಮೇಲೆ ಅಂಚಿನಲ್ಲಿ ತೇಪೆ ಕಾಣುತ್ತದೆ. ತಳಕ್ಕೆ ಯಾವ ಫ್ರೇಮ್ ಅನ್ನೋದನ್ನು ತುಂಬಾ ಯೋಚಿಸಿದೆ. ಕೊನೆಯದನ್ನೇ ಇಟ್ಟೆ, ಯಾಕೆಂದರೆ ನೀರು ಚಿಮ್ಮಿದ್ದು ಅದರಲ್ಲಿದೆ. ಚಿಮ್ಮಿದ ಹನಿಗಳನ್ನು ಮಾಸ್ಕಿನಲ್ಲಿ ಬಿಡಿಸಿ ಬೇರೆ ನೀರಿನ ಮೇಲೆ ಕೂರಿಸುವುದು ಆಗದ ಮಾತು. ಉಳಿದ ಐದು ಹಕ್ಕಿಗಳನ್ನು ಮೇಲೆ ತೆರೆದೆ. ಹಾಗೆ ಮಾಡಿದಾಗ ಆ ಐದರ ನೆರಳು ನೀರಿನಲ್ಲಿ ಇರುವುದಿಲ್ಲ. ನೀರು ಅಲೆ ಅಲೆಯಾಗಿತ್ತು, ಫ್ರೇಮಿನಲ್ಲೇ ನೆರಳು ಚೂರುಚೂರಾಗಿತ್ತು. ಅದನ್ನು ಕೈಯಿಂದ ಬರೆಯಲು ಹೋಗಲಿಲ್ಲ.

ಮೇಲಿನ ಎರಡು ಹಕ್ಕಿ ಈಗಲೂ ಒಂದನ್ನೊಂದು ಮುಟ್ಟುತ್ತಿದ್ದವು. 25 ಸೆಂಟಿಮೀಟರ್ ಉದ್ದದ ಹಕ್ಕಿ 20 ಸೆಂಟಿಮೀಟರ್ ಮಾತ್ರ ಕೆಳಗಿಳಿದರೆ ಮುಟ್ಟಲೇಬೇಕಲ್ವಾ. ನಿಂತ ಹಕ್ಕಿಯ ಬಾಲದ ಮೇಲೆ ಬೀಳಲು ಶುರುಮಾಡಿದ ಹಕ್ಕಿಯ ರೆಕ್ಕೆ ಬಂತು. ಸಮಯದಲ್ಲಿ ನಂತರದ್ದು ಮುಂದೆ ಇರಲಿ ಅಂತ ಲೇಯರ್ ಕ್ರಮ ಇಟ್ಟೆ. ಇದೊಂದೇ ಜಾಗಕ್ಕೆ ಎರಡು ಸಂಜೆ ಹಿಡಿಯಿತು. ಎರಡೂ ಕಪ್ಪು-ಬಿಳಿ, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತೆ ಅಂತ ಕಣ್ಣಿಗೇ ತಿಳಿಯುವುದಿಲ್ಲ. ಮೂಲ ಫ್ರೇಮ್ ಪಕ್ಕದಲ್ಲಿ ತೆರೆದಿಟ್ಟುಕೊಂಡು, ಗರಿಗೆ ಗರಿ ಹೋಲಿಸಿ ಸವರಿದೆ. ಸ್ಟುಡಿಯೋದ ಹಳೇ ಕಂಪ್ಯೂಟರಿಗೆ 16 ಬಿಟ್ಟಿನ ಆರು ಲೇಯರ್ ಭಾರ. ಒಂದೊಂದು ಲೇಯರ್ 140 ಎಂಬಿ ದಾಟುತ್ತದೆ. ಎರಡು ಸಲ ಹ್ಯಾಂಗ್ ಆಗಿ ಕೆಲಸ ಹೋಯಿತು. ಆಮೇಲೆ ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡುವುದು ಕಲಿತೆ. ಶಾರ್ಪ್ ಮಾಡಿದ್ದು ಎಲ್ಲ ಜೋಡಿಸಿದ ಮೇಲೆ, ಕೊನೆಗೆ ಒಂದೇ ಸಲ. ಮೊದಲೇ ಮಾಡಿದರೆ ಅಂಚಿನಲ್ಲಿ ಬಿಳಿ ಗೆರೆ ಏಳುತ್ತದೆ.

ಸಂಕ್ರಾಂತಿಗೆ ಎಳ್ಳು ಬೆಲ್ಲದ ಜೊತೆ ಪ್ರಿಂಟ್ ತಗೊಂಡು ಹೋದೆ. ಮಾಮ ಈ ಸಲ ಸ್ಕೇಲ್ ತಂದರು. ಮೊದಲು ಒಂದು ಹಕ್ಕಿಯ ಉದ್ದ ಅಳೆದರು. 18 ಮಿಲಿಮೀಟರ್. ಹಕ್ಕಿ ನಿಜದಲ್ಲಿ ಸುಮಾರು 25 ಸೆಂಟಿಮೀಟರ್, ಅದೇ ನಮ್ಮ ಅಳತೆಗೋಲು. ಆಮೇಲೆ ಹಕ್ಕಿಯಿಂದ ಹಕ್ಕಿಗೆ, ಕಣ್ಣಿನಿಂದ ಕಣ್ಣಿಗೆ ಅಳೆದು ಪ್ರಿಂಟಿನ ಹಿಂಬದಿ ಪೆನ್ಸಿಲಿನಲ್ಲಿ ಬರೆದರು. 16, 40, 67, 90, 108. ಕೂಡಿಸಿದರೆ 321 ಮಿಲಿಮೀಟರ್, ಅಂದರೆ ಹಕ್ಕಿ ಬಿದ್ದದ್ದು ಸುಮಾರು ನಾಲ್ಕೂವರೆ ಮೀಟರ್. ಕಲ್ಲು ಒಂದು ಸೆಕೆಂಡಿಗೆ ಬೀಳುವುದು 4.9 ಮೀಟರ್. “ಕೆಳಗ ಬರ್ತಾ ಗಾಳಿ ಹಿಡಿದೈತಿ ನೋಡು” ಅಂತ ಕೊನೆಯ ಎರಡು ಅಂಕಿ ತೋರಿಸಿ ಮಾಮ ನಕ್ಕರು. ಅವರು ಇಷ್ಟು ಖುಷಿಯಾಗಿದ್ದನ್ನು ನಾನು ಅಪರೂಪಕ್ಕೆ ನೋಡಿದ್ದು.

ಚಿತ್ರದ ಕೆಳಗೆ ‘ಒಂದೇ ಹಕ್ಕಿ, ಒಂದೇ ಧುಮುಕು, 6 ಫ್ರೇಮ್, 1 ಸೆಕೆಂಡ್, ಜೋಡಿಸಿದ ಚಿತ್ರ’ ಅಂತ ಬರೆದಿದ್ದೇನೆ. ಜೋಡಿಸಿದ್ದನ್ನು ಮುಚ್ಚಿಟ್ಟು ತೋರಿಸಲು ನನಗೆ ಮನಸ್ಸಿಲ್ಲ. ಸ್ನೇಹಿತರು ಸ್ಪರ್ಧೆಗೆ ಕಳಿಸು ಅಂದರು. ಅಂತರರಾಷ್ಟ್ರೀಯ ಫೋಟೋ ಸ್ಪರ್ಧೆಗಳ ನೇಚರ್ ವಿಭಾಗದ ನಿಯಮದಲ್ಲಿ ಚಿತ್ರದೊಳಗೆ ಏನನ್ನೂ ಸೇರಿಸುವಂತಿಲ್ಲ, ಜಾಗ ಬದಲಿಸುವಂತಿಲ್ಲ, ಅಳಿಸುವಂತಿಲ್ಲ. ಆ ನಿಯಮ ಸರಿ ಅಂತಲೇ ನನ್ನ ಅಭಿಪ್ರಾಯ. ಅಲ್ಲಿ ಒಂದೇ ಕ್ಲಿಕ್ಕಿಗೆ ಬೆಲೆ. ಅದಕ್ಕೆ ಅಲ್ಲಿಗೆ ಕಳಿಸಲಿಲ್ಲ.

ಪ್ರಿಂಟ್ ಈಗ ಸ್ಟುಡಿಯೋದ ಗೋಡೆ ಮೇಲೆ, ಆಲ್ಬಂ ಸ್ಯಾಂಪಲ್‌ಗಳ ಪಕ್ಕ ಇದೆ. ಮದುವೆ ಫೋಟೋ ಮಾತಾಡಲು ಬಂದವರು ಅದರ ಮುಂದೆ ನಿಲ್ಲುತ್ತಾರೆ. ಮಕ್ಕಳು ಹಕ್ಕಿ ಎಣಿಸುತ್ತಾರೆ. ಹೆಚ್ಚಿನವರು ಕೇಳುವುದು ಒಂದೇ, ಮೀನು ಸಿಕ್ತಾ ಅಂತ. ಆ ಸಲ ಸಿಗಲಿಲ್ಲ. ಬರಿ ಕೊಕ್ಕಿನಲ್ಲೇ ಎದ್ದು, ಮೈ ಕೊಡವಿ, ಅದೇ ಜಾಗಕ್ಕೆ ಮೇಲೇರಿ ಮತ್ತೆ ನಿಂತಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಬಿತ್ತು, ಹಿಡಿದೇ ಎದ್ದಿತು ಅಂತ ಮಾಮನ ನೋಟ್‌ಬುಕ್ಕಿನಲ್ಲಿದೆ. ನನ್ನ ಹತ್ತಿರ ಆ ಚಿತ್ರ ಇಲ್ಲ. ಹೊಡೆದ ಫ್ರೇಮ್‌ಗಳು ಕಾರ್ಡಿಗೆ ಹೋಗುವ ಮೊದಲು ತಂಗುವ ಕ್ಯಾಮೆರಾದ ಬಫರ್ ತುಂಬಿ, ಕೆಂಪು ದೀಪ ಇನ್ನೂ ಮಿನುಗುತ್ತಿತ್ತು.